ಒಂದು ಸಂಜೆಯ ಅತಿಥಿ

"ಸ್ವಲ್ಪ ನೀರು ಕುಡೀಬಹುದಾ?" ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ಈರುಳ್ಳಿ ಹೆಚ್ಚುತ್ತಿದ್ದ ಚಿಕ್ಕಮ್ಮ ತಲೆಯೆತ್ತಿದಳು. ಅಪ್ಪನ ಎರಡನೇ ಹೆಂಡತಿಯಾಗಿ ಅವಳು ಬಂದಾಗ ಹುಡುಗಿಗೆ ಹಾಲುಹಲ್ಲು. ಅಂದಿನಿಂದ ಬಾಣಲೆಗೇ ಕೈಹಾಕಿ ತಿಂದು, ಬೈಸಿಕೊಂಡು, ಮತ್ತೆ ಕೈಹಾಕಿದವಳು ಇವಳು.

"ಕೇಳೋದ್ಯಾಕೆ? ಮನೆ ನಿಂದೇ." ಚಿಕ್ಕಮ್ಮ ಎದ್ದು, ಬಂದವರಿಗೆಂದು ಎತ್ತಿಟ್ಟಿದ್ದ ಗಾಜಿನ ಲೋಟ ತೊಳೆದು ನೀರು ಕೊಟ್ಟಳು.

ಹುಡುಗಿಗೆ ಒಳಗೊಳಗೇ ನಗು. ಸಮಾಜಶಾಸ್ತ್ರದ ಮೊದಲ ವರ್ಷದವರಿಗೆ ಮೇಷ್ಟ್ರು ಕೊಟ್ಟ ಕೆಲಸವಿದು. ಒಂದು ಸಂಜೆ ನಿಮ್ಮ ಮನೆಯಲ್ಲೇ ಅತಿಥಿಯ ಹಾಗಿರಿ, ಕಾರಣ ಹೇಳಬೇಡಿ, ಮನೆಯವರು ಏನು ಮಾಡುತ್ತಾರೋ ನೋಡಿ. ಕಣ್ಣಿಗೆ ಕಾಣದ ನಿಯಮಗಳು ಮುರಿದಾಗಲೇ ಕಾಣುತ್ತವಂತೆ. ಮೇಷ್ಟ್ರಿಗೇನು, ಹೇಳಿ ಕೈತೊಳೆದುಕೊಂಡರು.

ಊಟಕ್ಕೆ ಕುರ್ಚಿಯ ತುದಿಯಲ್ಲಿ ಕೂತು, "ತುಂಬಾ ಚೆನ್ನಾಗಿದೆ. ನಿಮಗೆ ತೊಂದರೆ ಕೊಟ್ಟೆ," ಎಂದಳು. 'ಏನೇ ನಿನ್ನ ನಾಟಕ' ಎಂದು ಸೌಟು ಮೇಲೇಳುತ್ತದೆ ಎಂದುಕೊಂಡಿದ್ದಳು. ಆದರೆ ಚಿಕ್ಕಮ್ಮ ಇವಳ ಜೊತೆ ಊಟಕ್ಕೂ ಕೂರದೆ, ಕೇಳಿ ಕೇಳಿ ಬಡಿಸಿದಳು. ಆಮೇಲೆ ಹಜಾರದಲ್ಲಿದ್ದ ಹೊಲಿಗೆ ಯಂತ್ರವನ್ನು ಒಬ್ಬಳೇ ಎಳೆದು ತನ್ನ ಕೋಣೆಗೆ ಸೇರಿಸಿದಳು.

"ಸದ್ದಾಗುತ್ತಲ್ಲ. ನಿನಗೆ ಓದೋಕೆ ಕಷ್ಟ."

ಮರುದಿನ ತರಗತಿಯಲ್ಲಿ ನಗುವೋ ನಗು. ಒಬ್ಬಳ ತಾಯಿ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದ್ದರು. ಇನ್ನೊಬ್ಬನಿಗೆ ಅಣ್ಣ ಕೆನ್ನೆಗೆ ಒಂದು ಬಿಟ್ಟಿದ್ದ.

"ನಿಮ್ಮನೇಲಿ ಯಾವಾಗ ರೇಗಿದ್ರಮ್ಮ?" ಮೇಷ್ಟ್ರು ಹುಡುಗಿಯನ್ನು ಕೇಳಿದರು.

"ರೇಗ್ಲೇ ಇಲ್ಲ ಸರ್."

"ಆಶ್ಚರ್ಯಾನೂ ಪಡ್ಲಿಲ್ವಾ?"

ಹುಡುಗಿಗೆ ಆಗ ಹೊಳೆಯಿತು. ಇಲ್ಲ, ಆಶ್ಚರ್ಯಪಟ್ಟಿರಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡಂದಿನಿಂದ, ಇವಳು ಎಂದಾದರೊಂದು ದಿನ ತನ್ನನ್ನು ಹೊರಗಿನವಳಂತೆ ಕಂಡು ಹೀಗೆ ಮಾತಾಡುತ್ತಾಳೆ ಎಂದು ಚಿಕ್ಕಮ್ಮ ಕಾಯುತ್ತಲೇ ಇದ್ದಳು.

ಉಸಿರು ಕಟ್ಟಿಕೊಂಡು ಮನೆಗೆ ಓಡಿಬಂದಳು. "ಅದು ಕಾಲೇಜಿನ ಕೆಲಸ ಚಿಕ್ಕಮ್ಮ! ಸುಮ್ನೆ ಮಾಡಿದ್ದು, ನಿನ್ನಾಣೆ!"

"ಅಯ್ಯೋ, ಹೌದಾ? ಒಳ್ಳೆ ಓದು ನಿಮ್ಮದು," ಎಂದು ಚಿಕ್ಕಮ್ಮ ನಕ್ಕಳು. ಕಣ್ಣು ನಗಲಿಲ್ಲ.

ಹುಡುಗಿ ಬೇಕೆಂದೇ ಬಾಣಲೆಗೆ ಕೈಹಾಕಿ, ಸುಡುಸುಡು ಆಲೂಗಡ್ಡೆ ಬಾಯಿಗೆ ಹಾಕಿಕೊಂಡು, ಅರ್ಧ ನೆಲಕ್ಕೆ ಚೆಲ್ಲಿದಳು. ಬೈಗುಳಕ್ಕಾಗಿ ಕಾದಳು. ಚಿಕ್ಕಮ್ಮ ಬಟ್ಟೆ ತಂದು ನೆಲ ಒರೆಸಿದಳು.

"ಬೈಯಿ ಚಿಕ್ಕಮ್ಮ," ಹುಡುಗಿಗೆ ಅಳು ಬಂತು.

"ಬೈಯೋಕೇನಿದೆ ಇದ್ರಲ್ಲಿ? ಬಿಡು."

ಹುಡುಗಿ ಕಣ್ಣೊರೆಸಿಕೊಂಡು ಹೋಗಿ, ಹೊಲಿಗೆ ಯಂತ್ರವನ್ನು ಎಳೆದು ತಂದು ಹಜಾರದ ಕಿಟಕಿಯ ಕೆಳಗೆ, ಅದರ ಹಳೆಯ ಜಾಗದಲ್ಲೇ ಇಟ್ಟಳು. ಸ್ಟೂಲನ್ನೂ ತಂದಿಟ್ಟಳು.

ಬೆಳಿಗ್ಗೆ ಅವಳು ಎದ್ದು ಬಂದಾಗ ಚಿಕ್ಕಮ್ಮ ಅರ್ಧ ಹೊಲಿದ ಅಂಗಿ ಹಿಡಿದು ಯಂತ್ರದ ಪಕ್ಕ ನಿಂತಿದ್ದಳು. ಸ್ಟೂಲು ಖಾಲಿಯಾಗಿತ್ತು.

"ಇಲ್ಲಿ ಕೂತು ಹೊಲೀಬಹುದಾ?" ಎಂದು ಕೇಳಿದಳು.