ಮೇಜಿನ ಮೇಲೆ ಗೀಚಿದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಅಂದುಕೊಳ್ಳಲಿ ಬಿಡಿ. ಹದಿನೆಂಟು ವರ್ಷದಿಂದ ಮರ ಉಜ್ಜುವ ಮಷಿನ್ ನಡೆಸುತ್ತಿದ್ದೇನೆ, ಒಂದೇ ಒಂದು ಹಲಗೆ ಕೆಡಿಸಿದವಳಲ್ಲ. ಪ್ಲೈವುಡ್ ಮೇಲೆ ಅಂಟಿಸುವ ವೆನೀರ್ ಎಂದರೆ ಮರದ ಸಿಪ್ಪೆ, ಅರ್ಧ ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಉಜ್ಜುವ ಮೊದಲು ಅದರ ಮೇಲೆಲ್ಲ ಪೆನ್ಸಿಲ್ಲಿನಿಂದ ಗೀಚುತ್ತೇವೆ. ಗೀಚಿದ್ದು ಅಳಿಸಿತೋ, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಉಜ್ಜಿದರೆ ಅಡಿಯ ಪ್ಲೈವುಡ್ ಹಲ್ಲು ಕಿರಿಯುತ್ತದೆ.

ಈ ಸಲದ ಮೇಜು ನಮ್ಮ ಮನೆಗೇ. ಅಮ್ಮ ನಮಗೆಲ್ಲ ಬಡಿಸಿ, ಕೊನೆಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುವವಳು. ಅವಳನ್ನು ನಮ್ಮ ಜೊತೆ ಕೂರಿಸಬೇಕೆಂಬುದೇ ನನ್ನ ಹಟ. ಚೆಂದದ ವೆನೀರ್ ಸಿಕ್ಕಿದ್ದು ಒಂದೇ ಹಾಳೆ. ಕೆಟ್ಟರೆ ಇನ್ನೊಂದಿಲ್ಲ.

ಭಾನುವಾರ ಕಾರ್ಖಾನೆಯಲ್ಲಿ, ವೆನೀರ್ ಅಂಟಿಸಿದ ಹಲಗೆಯನ್ನೆಲ್ಲ ಗೀಚಿಟ್ಟು ಕೈ ತೊಳೆಯಲು ಹೋದೆ. ವಾಪಸು ಬಂದಾಗ, ನನಗೆ ಊಟ ತಂದಿದ್ದ ಅಮ್ಮ ಅದರ ಪಕ್ಕ ನಿಂತಿದ್ದಳು. ಉಂಡು ಎದ್ದು ಹಲಗೆಯನ್ನು ದೊಡ್ಡ ಮಷಿನ್ನಿಗೆ ಕೊಟ್ಟೆ. ಗೀಟೆಲ್ಲ ಹೋಯಿತು, ಮೂರು ಕಡೆ ಮಾತ್ರ ಚೂರು ಚೂರು ಉಳಿಯಿತು. ತಗ್ಗಿರಬೇಕು ಎಂದುಕೊಂಡು ಕೈಮಷಿನ್ ಹಿಡಿದು ಒಂದು ಕಡೆ ಉಜ್ಜಿದೆ. ಹೋಗಲಿಲ್ಲ. ಇನ್ನಷ್ಟು ಒತ್ತಿದೆ. ಗೀಟು ಹೋಯಿತು, ಜೊತೆಗೆ ವೆನೀರೂ ಹೋಯಿತು! ಅಂಗೈಯಗಲ ಬೋಳು ಪ್ಲೈವುಡ್ ಹಲ್ಲು ಕಿರಿಯಿತು.

ಉಳಿದೆರಡನ್ನು ಬಗ್ಗಿ ನೋಡಿದರೆ, ಅಕ್ಷರ! ‘ಅಳಿಯ’, ‘ಚಿಕ್ಕವಳು’.

“ಏನಮ್ಮಾ ಇದು?”

“ನೀನೇ ಗೀಚಿದ್ಯಲ್ಲೇ! ಹೇಗೂ ಅಳಿಸ್ತೀಯ ಅಂತ, ಯಾರ್ಯಾರು ಎಲ್ಲೆಲ್ಲಿ ಕೂರೋದು ಅಂತ ನಾನೂ ಬರ್ದೆ. ಚೆನ್ನಾಗಿ ಕಾಣ್ಲಿ ಅಂತ ಸ್ವಲ್ಪ ಒತ್ತಿ ಬರ್ದೆ. ನೀನು ಉಜ್ಜಿದ್ದು ನಿನ್ನ ಜಾಗಾನೇ.”

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ತಲೆಗೆ ಹೊಳೆಯಿತು. ಬರೆದದ್ದು ಮೂರೇ ಹೆಸರು: ನನ್ನ ಗಂಡ, ತಂಗಿ, ನಾನು.

“ನಿನ್ನ ಜಾಗ ಎಲ್ಲಮ್ಮಾ?”

“ನಂಗ್ಯಾಕೆ? ನಾನು ಬಡಿಸ್ಬೇಕಲ್ಲ.”

ಕೋಪವೆಲ್ಲ ಜರ್ರನೆ ಇಳಿದು, ಅಳು ಬಂತು. ಯಾರಿಗೋಸ್ಕರ ಇಷ್ಟೆಲ್ಲ ಒದ್ದಾಡಿದೆ ನಾನು! ಪೆನ್ಸಿಲ್ ಎತ್ತಿಕೊಂಡು ಆ ಬೋಳು ಜಾಗದಲ್ಲೇ ಬಲವಾಗಿ ಒತ್ತಿ ‘ಅಮ್ಮ’ ಎಂದು ಬರೆದು, ಮೇಲೆ ಪಾಲಿಶ್ ಬಳಿದೆ.

“ಅಯ್ಯೋ, ಬಂದವ್ರೆಲ್ಲ ನೋಡಿ ನಗ್ತಾರೆ, ಅಳಿಸೇ!”

“ಅಳಿಸೋಕೆ ಅಲ್ಲಿ ವೆನೀರೇ ಉಳಿದಿಲ್ಲ, ನೋಡು.”

ಈಗ ಊಟದ ಹೊತ್ತಿಗೆ, ಆ ಹೆಸರು ಮುಚ್ಚಲೆಂದು, ಅಮ್ಮ ಎಲ್ಲರಿಗಿಂತ ಮೊದಲು ತನ್ನ ತಟ್ಟೆಯನ್ನು ಅಲ್ಲಿಡುತ್ತಾಳೆ. ಇಟ್ಟ ಮೇಲೆ ಗೊಣಗುತ್ತಲೇ ಕೂರುತ್ತಾಳೆ. ಬಡಿಸುವುದು ಈಗ ನನ್ನ ಕೆಲಸ.