ಎರಡು ಸಲ ಬ್ಯಾಡ ಅನ್ನುವವರ ಇಂಗ್ಲಿಷು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಣೆ ಬೇಕೆಂದರೆ ಆಣೆ, ಯಾರ ಮೇಲೆ ಹೇಳುತ್ತೀರೋ ಅವರ ಮೇಲೆ. ಇಷ್ಟಾದರೂ ಅನುಮಾನ ಉಳಿದವರು ಹುಮನಾಬಾದಿಗೆ ಹೋಗಿ ಯಾರನ್ನಾದರೂ ಕೇಳಬಹುದು. ಅಲ್ಲಿಯವರು ಇದಕ್ಕೆ ಇನ್ನಷ್ಟು ಸೇರಿಸಿ ಹೇಳುತ್ತಾರೆಯೇ ಹೊರತು ಒಂದು ಮಾತೂ ಕಡಿಮೆ ಮಾಡುವುದಿಲ್ಲ.

ಹುಮನಾಬಾದಿನ ಒಂದು ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಗುರುಶಾಂತ ಮಾಸ್ತರರ ಇಂಗ್ಲಿಷ್ ಕ್ಲಾಸು ಇದೆ. ಮಾಸ್ತರರು ಅಲ್ಲಿ ಇಂಗ್ಲಿಷ್ ಕಲಿಸುವುದಿಲ್ಲ. ಕಲಿಸುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಅವರು ಕಲಿಸಿದ ಮೇಲೆ ಆದದ್ದನ್ನು ಸರಿ ಮಾಡುವುದು ಇವರ ಉದ್ಯೋಗ. ಜನ ಬರೆದು ತಂದದ್ದನ್ನು ಮಾಸ್ತರರು ಮೊದಲು ಗಟ್ಟಿಯಾಗಿ ಓದುತ್ತಾರೆ. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ವಾಕ್ಯ ಕಡಿಯುತ್ತಾರೆ. ಎಲ್ಲಿ ತಮಗೇ ನಗು ಬರುತ್ತದೋ ಅಲ್ಲಿಯ ಶಬ್ದ ಕಿತ್ತು ಹಾಕುತ್ತಾರೆ. ಕೊನೆಗೆ, “ಇದನ್ನ ನೀ ಬಾಯಿಲೆ ಹಿಂಗ ಅಂತಿದ್ದಿ ಏನು?” ಎಂದು ಕೇಳುತ್ತಾರೆ. ಇಲ್ಲ ಎಂದರೆ ಮತ್ತೆ ಮೊದಲಿನಿಂದ.

ಹಳ್ಳಿಖೇಡದ ತುಳಜಾರಾಮ ತಂದಿದ್ದ ವಾಕ್ಯವೊಂದು ಎಷ್ಟು ಉದ್ದವಿತ್ತೆಂದರೆ, ಮಾಸ್ತರರು ಓದಲು ಶುರು ಮಾಡಿದಾಗ ಕೆಳಗೆ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಕಾರ್ಖಾನೆಯ ಕಡೆ ಹೋಗುತ್ತಿತ್ತು. ಪೂರ್ಣವಿರಾಮ ಬರುವಷ್ಟರಲ್ಲಿ ಅದೇ ಟ್ರ್ಯಾಕ್ಟರು ಕಬ್ಬು ಇಳಿಸಿ ಖಾಲಿಯಾಗಿ ತಿರುಗಿ ಬಂತು. ಬೇಮಳಖೇಡದ ಸಿದ್ದಪ್ಪನದು ಇನ್ನೊಂದು ಕತೆ. ಅಜ್ಜಿಗೆ ಹುಷಾರಿಲ್ಲವೆಂದು ಅವನು ಬರೆದ ರಜೆ ಅರ್ಜಿಯನ್ನು ಮಾಸ್ತರರು ಎಷ್ಟು ಸಹಜವಾಗಿ ತಿದ್ದಿಕೊಟ್ಟರೆಂದರೆ, ಓದಿದ ಸಾಹೇಬರು ಕಣ್ಣೀರು ಒರೆಸಿಕೊಂಡು, ಮೋಸಂಬಿ ಕಟ್ಟಿಸಿಕೊಂಡು ಜೀಪಿನಲ್ಲಿ ನೇರ ಊರಿಗೇ ಬಂದುಬಿಟ್ಟರು. ಅಂಗಳದಲ್ಲಿ ಎಮ್ಮೆ ಹಿಂಡುತ್ತಿದ್ದ ಅಜ್ಜಿಯನ್ನು ಎತ್ತಿಕೊಂಡು ಹೋಗಿ ಹಾಸಿಗೆಯಲ್ಲಿ ಮಲಗಿಸಬೇಕಾಯಿತು. ಅಜ್ಜಿ ಈಗಲೂ ಜೀಪಿನ ಸದ್ದು ಕೇಳಿದರೆ ನರಳುತ್ತಾಳೆ.

ಇಂಥ ಮಾಸ್ತರರ ಬಳಿಗೆ ಒಂದು ಬುಧವಾರ ಬಸವಕಲ್ಯಾಣದಿಂದ ವರ್ಷಾ ಎಂಬ ಹುಡುಗಿ ಬಸ್ಸು ಹಿಡಿದು ಬಂದಳು. ಚರಿತ್ರೆಯಲ್ಲಿ ಎಂ.ಎ. ಮಾಡಿ, ಒಂದು ಖಾಸಗಿ ಶಾಲೆಯಲ್ಲಿ ಚರಿತ್ರೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಸುತ್ತಿದ್ದಳು, ಡ್ರಿಲ್ ಸಹಿತ. ರವಿವಾರ ಬಂತೆಂದರೆ ನಾರಾಯಣಪುರದ ಹಳೇ ಶಿವನ ಗುಡಿಗೆ ಹೋಗಿ ಗೋಡೆಯ ಕಲ್ಲುಗಳ ಮುಂದೆ ನಿಂತುಬಿಡುತ್ತಿದ್ದಳು. ಮಳೆಗಾಲದಲ್ಲಿ ಅಲ್ಲಿಗೆ ಇಂಗ್ಲೆಂಡಿನಿಂದ ಹೆಲೆನ್ ಎಂಬ ಹೆಂಗಸು ಬಂದಿದ್ದಳು. ಗುಡಿಯ ಒಂದೊಂದು ಕಲ್ಲನ್ನೂ ಚಿತ್ರ ಬರೆದು ದಾಖಲು ಮಾಡುವ ತಂಡ ಅವಳದು. ದಿನವೆಲ್ಲ ಅವಳ ಜೊತೆ ತಿರುಗಿ ಗುಡಿ ತೋರಿಸಿದವಳು ವರ್ಷಾ. ಈಗ ಹೆಲೆನ್‌ಳ ಮೇಲ್ ಬಂದಿತ್ತು: ಚಳಿಗಾಲವಿಡೀ ನಮ್ಮ ತಂಡದಲ್ಲಿ ಕೆಲಸ ಮಾಡುತ್ತೀರಾ, ಶುಕ್ರವಾರದೊಳಗೆ ತಿಳಿಸಿ.

“ಕೂಡು ತಂಗಿ. ಚಹಾ ತಗೋತಿ?” ಅಂದರು ಮಾಸ್ತರರು.

“ಬ್ಯಾಡ್ರಿ ಸರ್, ಈಗ ಕುಡದೇ ಬಂದೀನಿ.”

“ಅರ್ಧ ಕಪ್ಪರೆ ತಗೋ.”

“ಬ್ಯಾಡ್ರಿ, ಸುಮ್ಮ ನಿಮಗ್ಯಾಕ ತಕಲೀಫ್.”

ಮಾಸ್ತರರು ಕಿಟಕಿಯಿಂದ ತಲೆ ಹಾಕಿ ಎದುರಿನ ಹೋಟೆಲಿನ ಅಬ್ದುಲ್ ರಜಾಕನಿಗೆ ಎರಡು ಚಹಾ ಎಂದು ಕೂಗಿದರು. ವರ್ಷಾ ತನ್ನದನ್ನು ಬಸಿಯೊಳಗಿನ ಕೊನೆಯ ಹನಿವರೆಗೂ ಕುಡಿದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ಸೀಮೆಯಲ್ಲಿ ಇದು ವಿಶೇಷವೇನಲ್ಲ. ಕೇಳಿದ ಮೊದಲ ಸಲಕ್ಕೇ ಹೂಂ ಅಂದವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

“ನಿನಗ ಈ ಕೆಲಸ ಬೇಕಾಗೇದ ಏನು?” ಎಂದು ಕೇಳಿದರು ಮಾಸ್ತರರು.

ವರ್ಷಾ ಗೋಡೆ ನೋಡಿದಳು. “ಸಾಲ್ಯಾಗ ಎಂಟನೇತ್ತಾ ಇದ್ದಾಗಿಂದ ಆ ಕಲ್ಲ ನೋಡಾಕತ್ತೇನ್ರಿ ಸರ್. ಮುಟ್ಟಬ್ಯಾಡ ಅಂತ ಪೂಜಾರಿ ಬೈತಿದ್ದ. ಈಗ ಮುಟ್ಟೂದೇ ಕೆಲಸ ಅಂತ ಕರೀಲಿಕತ್ತಾರ.” ಅಷ್ಟು ಹೇಳಿ ಮೊಬೈಲನ್ನು ಮುಂದೆ ಸರಿಸಿದಳು. “ಬರದೀನಿ. ಖರೆ ಇಂಗ್ಲಿಷ್ ಕಟಗಿ ಆಗೇದ. ಜರಾ ಸಾಫ್ ಮಾಡಿ ಕೊಡ್ರಿ.”

ಕಟ್ಟಿಗೆ ಅಂದದ್ದು ಕಡಿಮೆಯಾಯಿತು. ಪರಮಪೂಜ್ಯ ಮೇಡಮ್ಮಿನ ಪಾದಗಳಿಂದ ಹೊರಟ ಒಂದೇ ವಾಕ್ಯ ನಾಲ್ಕು ಕಡೆ ಮುಗ್ಗರಿಸಿ, ಎರಡು ಕಡೆ ದಾರಿ ತಪ್ಪಿ, ಧನ್ಯವಾದದಲ್ಲಿ ಕುಸಿದು ಬಿದ್ದಿತ್ತು. ಮಾಸ್ತರರು ತೋಳು ಮಡಿಚಿದರು. ಓದಿದರು, ಉಸಿರು ಕಟ್ಟಿದಲ್ಲಿ ಕಡಿದರು, ನಗು ಬಂದಲ್ಲಿ ಕಿತ್ತರು. ಮಧ್ಯಾಹ್ನದ ಹೊತ್ತಿಗೆ ಪತ್ರ ಹೀಗೆ ನಿಂತಿತು:

“ನನ್ನನ್ನು ನೆನೆಸಿಕೊಂಡದ್ದಕ್ಕೆ ಧನ್ಯವಾದ. ಆದರೆ ಈ ಕೆಲಸಕ್ಕೆ ನನಗಿಂತ ತಿಳಿದವರು ಬಹಳ ಜನ ಇದ್ದಾರೆ. ನನ್ನಿಂದ ನಿಮಗೆ ತೊಂದರೆ ಬೇಡ. ನಾನು ಇಲ್ಲಿ ಚೆನ್ನಾಗಿಯೇ ಇದ್ದೇನೆ. ನಿಮ್ಮ ಕೆಲಸಕ್ಕೆ ಶುಭವಾಗಲಿ.”

ವರ್ಷಾ ಗಟ್ಟಿಯಾಗಿ ಓದಿದಳು. ಎಲ್ಲೂ ತಡೆಯಲಿಲ್ಲ. ಕೆಳಗೆ ಟಯರಿಗೆ ಗಾಳಿ ತುಂಬುತ್ತಿದ್ದವನು ಯಂತ್ರ ನಿಲ್ಲಿಸಿ ಮೇಲೆ ನೋಡಿದ, ಮೇಲೆ ಯಾರೋ ರೇಡಿಯೋ ಹಚ್ಚಿದ್ದಾರೆಂದು. ಅಲ್ಲೇ ಕೂತು ಅವಳು ಪತ್ರ ಕಳಿಸಿದಳು.

“ಇನ್ನ ಅಕಿ ಮತ್ತೊಮ್ಮೆ ಕೇಳ್ತಾಳ್ರಿ,” ಅಂದಳು.

“ಕೇಳಲಾರದ ಏನ್ ಮಾಡ್ತಾಳ? ಅಷ್ಟೂ ರೀತಿರಿವಾಜು ಇಲ್ಲದ ಮನಷಾರು ಎಲ್ಲಿರ್ತಾರ.”

ಮರುದಿನ ಬೆಳಿಗ್ಗೆ ಮಾಸ್ತರರು ಕೋಣೆಯ ಬೀಗ ತೆಗೆಯುವ ಮೊದಲೇ ವರ್ಷಾ ಮೆಟ್ಟಿಲ ಮೇಲೆ ಕೂತಿದ್ದಳು. ಮೊಬೈಲು ಕೊಟ್ಟಳು. ಹೆಲೆನ್ ಬರೆದಿದ್ದಳು: “ನೀವು ಇಷ್ಟು ಸ್ಪಷ್ಟವಾಗಿ ತಿಳಿಸಿದ್ದು ಒಳ್ಳೆಯದಾಯಿತು. ಬೇಸರವಾಯಿತು, ಆದರೆ ಅರ್ಥವಾಯಿತು. ಶುಕ್ರವಾರ ಬೇರೊಬ್ಬರನ್ನು ಗೊತ್ತು ಮಾಡುತ್ತೇವೆ.”

ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ ಕಡಿಯುವಂಥದ್ದೂ ಇರಲಿಲ್ಲ, ಕೀಳುವಂಥದ್ದೂ ಇರಲಿಲ್ಲ. “ಇನ್ನೂ ಎರಡನೇ ಸಲ ಕೇಳೂದು ಬಾಕಿ ಅದ ಅಲಾ,” ಅಂದರು. ಆ ಮಾತಿನ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ.

“ಕೇಳಂಗಿಲ್ರಿ ಸರ್. ರಾತ್ರಿ ನಮ್ಮವ್ವ ಅವತ್ತಿನ ಊಟಾ ನೆನಪ ಮಾಡಿದ್ಲು, ಆಗ ತಿಳೀತು.” ವರ್ಷಾಳ ಅವ್ವ ಜಿಜಾಬಾಯಿ ಮೂರು ಊರಿಗೆ ಬಡಿಸಿ ಗೊತ್ತಿದ್ದವಳು. “ಹೆಲೆನ್ ಬಂದಾಗ ನಮ್ಮ ಮನಿಗಿ ಕರಕೊಂಡು ಹೋಗಿದ್ದೆ. ಅವ್ವ ಬಾಗಿಲದಾಗ ನಿಂತು, ‘ಊಟ ಮಾಡಕೊಂಡು ಹೋಗ್ರಿ’ ಅಂದ್ಲು. ಅಕಿ ‘ಹೂಂ’ ಅಂದುಬಿಟ್ಲು, ಮೊದಲನೇ ಸಲಕ್ಕೇ. ಅವ್ವ ಇನ್ನೂ ಒಲಿ ಹಚ್ಚಿರಲಿಲ್ರಿ. ಅಕಿ ಎರಡ ಸಲ ಬ್ಯಾಡ ಅನ್ನೂದ್ರಾಗ ಹಿಟ್ಟರೆ ನಾದತೀನಿ ಅಂತ ತಿಳಕೊಂಡಿದ್ಲು.”

“ಆಮ್ಯಾಲ?”

“ಆಮ್ಯಾಲೇನ್ರಿ, ಅಕಿ ಎಲಿ ಮುಂದ ಕೂತ್ಲು. ನಾ ಮಗ್ಗಲ ಮನಿ ರೊಟ್ಟಿ ತರಾಕ ಓಡಿದೆ.” ವರ್ಷಾ ಮೊಬೈಲನ್ನು ತಿರುಗಿ ತೆಗೆದುಕೊಂಡಳು. “ಅಕಿಗಿ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ. ನಾವು ಬ್ಯಾಡ ಅಂತ ಕಳಸೇವಿ.”

ಗುರುಶಾಂತ ಮಾಸ್ತರರು ಕುರ್ಚಿಯಲ್ಲಿ ಕೂತರು. ಅವರಿಗೆ ಹಿಂದಿನ ದಿನದ ಆ ಕುಂಟು ವಾಕ್ಯ ನೆನಪಾಯಿತು. ಅದನ್ನು ಹಾಗೆಯೇ ಕಳಿಸಿದ್ದರೆ ಹೆಲೆನ್ ತಲೆಬುಡ ತಿಳಿಯದೆ, ಏನು ಹೇಳುತ್ತಿದ್ದೀರಿ ಎಂದು ಇನ್ನೊಮ್ಮೆ ಕೇಳಿಯೇ ಕೇಳುತ್ತಿದ್ದಳು. ತಾವು ತಿದ್ದಿದ್ದರಿಂದ ಬ್ಯಾಡ ಎಂಬುದು ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಹಾಗೆ ಹೋಗಿ ಮುಟ್ಟಿತ್ತು. ಸಾಹೇಬರಿಂದ ಮೋಸಂಬಿ ತರಿಸಿದ್ದ ಅದೇ ಕೈ.

“ಒಂದ ಕೆಲಸ ಮಾಡೋಣು,” ಅಂದರು. “ಪರಿಸ್ಥಿತಿ ಬದಲಾಗೇದ ಅಂತ ಚಂದ ಬರಿಯೋಣು. ಮೊದಲ ಹವಾಮಾನ ಕೇಳೋಣು, ಆಮ್ಯಾಲ ಅಕಿ ಆರೋಗ್ಯ—”

“ನಾಳಿ ಶುಕ್ರವಾರ ಅದರಿ ಸರ್. ಹವಾಮಾನ ಮುಗಿಯೂದ್ರಾಗ ಬ್ಯಾರೇದವರು ಬಂದು ಕಲ್ಲ ಮುಟ್ಟಿರ್ತಾರ.”

ಅವಳೇ ಬರೆಯತೊಡಗಿದಳು. ಬರೆಯುತ್ತಾ ಬಾಯಲ್ಲಿ ಅನ್ನುತ್ತಿದ್ದಳು, ತಡೆದು ತಡೆದು, ಗೊತ್ತಿದ್ದ ಶಬ್ದಗಳನ್ನಷ್ಟೇ ಹಿಡಿದು:

“ನಾನು ಬೇಡ ಎಂದೆ. ನಮ್ಮ ಊರಲ್ಲಿ ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲವೂ ಬೇಡ ಎನ್ನಬೇಕು. ನೀವು ಇನ್ನೂ ಎರಡು ಸಲ ಕೇಳುತ್ತೀರಿ ಎಂದು ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ನೀವು ಊಟಕ್ಕೆ ಕೂತ ದಿನ ಒಲೆ ಹೊತ್ತಿರಲಿಲ್ಲ, ಆ ರೊಟ್ಟಿ ಪಕ್ಕದ ಮನೆಯದು. ನಾನು ಇಲ್ಲಿ ಚೆನ್ನಾಗಿಲ್ಲ. ನನಗಿಂತ ತಿಳಿದವರು ಇರಬಹುದು, ಆದರೆ ಆ ಗುಡಿಗೆ ನನಗಿಂತ ಹೆಚ್ಚು ಸಲ ಹೋದವರಿಲ್ಲ. ನನಗೆ ಈ ಕೆಲಸ ಬೇಕು.”

ಕೊನೆಯ ವಾಕ್ಯ ಬರೆಯುವಾಗ ಅವಳ ಕಿವಿ ಕೆಂಪಾದವು. ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಪಂಕ್ತಿಯಲ್ಲಿ ಕೂತ ಹೆಣ್ಣುಮಗಳು ಎದ್ದು ನಿಂತು ಇನ್ನೊಂದು ಹೋಳಿಗೆ ಕೇಳಿದರೆ ದೊಡ್ಡವರು ಎಲ್ಲಿ ನೋಡಬೇಕೋ ಅಲ್ಲಿ ನೋಡಿದರು.

“ಎರಡ ಕಡೆ ಸಣ್ಣ ತಪ್ಪದ,” ಅಂದರು, ಕಿಟಕಿಗೇ. ಬೆರಳು ತಾವಾಗಿಯೇ ಮೊಬೈಲಿನ ಕಡೆ ಚಾಚಿದವು.

“ಇರಲಿ ಬಿಡ್ರಿ. ನಾ ಬಾಯಿಲೆ ಹಿಂಗೇ ಅಂತೀನಿ.”

ಪತ್ರ ಹೋಯಿತು.

ಆಮೇಲೆ ಇಬ್ಬರೂ ಕಾದರು. ವರ್ಷಾ ಮೊಬೈಲನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಕೆಳಗೆ ಬೀದರಿನ ಬಸ್ಸು ಹೋಯಿತು, ಕಲಬುರಗಿಯ ಬಸ್ಸು ಹೋಯಿತು. ಇಷ್ಟು ಹೊತ್ತು ಸುಮ್ಮನಿದ್ದು ಮಾಸ್ತರರಿಗೆ ಅಭ್ಯಾಸವಿರಲಿಲ್ಲ. ಹುಡುಗಿಯ ಮುಖ ನೋಡಲಾಗದೆ ಅವರು ಶುರು ಮಾಡಿದರು.

“ಇದೇನ್ ದೊಡ್ಡದಲ್ಲ ತಂಗಿ. ನಮ್ಮ ಸೋದರಮಾವ ಮಹಾರುದ್ರಪ್ಪ ಅಂತ ಇದ್ದ. ಭಾಲ್ಕಿ ಕಡೆ ಬೀಗರ ಮನಿಗಿ ಹೋಗಿದ್ದ. ತುಪ್ಪಾ ನೀಡಾಕ ಬಂದ್ರು, ಬ್ಯಾಡಂದ. ಮತ್ತ ಬಂದ್ರು, ಬ್ಯಾಡಂದ. ಮೂರನೇ ಸಲ ಬರೂದ್ರಾಗ ನೀಡಾಂವಗ ಹೊರಗಿಂದ ಯಾರೋ ಕರದ್ರು ನೋಡು. ಅಂವ ತುಪ್ಪದ ಗಿಂಡಿ ಹಿಡಕೊಂಡೇ ಹ್ವಾದ.”

ವರ್ಷಾ ಆರಿದ ಮೊಬೈಲಿನ ತೆರೆಯನ್ನು ಬೆರಳಿನಿಂದ ಎಬ್ಬಿಸಿದಳು.

“ಮಾವ ಏಳಲಿಲ್ಲ. ಮೂರನೇ ಸಲ ಕೇಳಲಾರದ ಹ್ಯಾಂಗ ಏಳ್ತಾನ? ಪಂಕ್ತಿ ಎದ್ದು ಹ್ವಾತು. ಬೀಗರು ಕೈ ಮುಗದ್ರು, ಏಳವಲ್ಲ. ಮನಿ ಹಳೇದಾಗಿತ್ತು, ಕೆಡವಿದ್ರು. ಮಾವ ಎಲಿ ಮುಂದೇ ಕೂತಾನ. ಕಡೀಕ ಅಂವನ್ನ ನಡುವ ಬಿಟ್ಟು ಸುತ್ತಲೂ ಹೊಸಾ ಮನಿ ಕಟ್ಟಿಸಿದ್ರು—”

ಮೊಬೈಲು ಗುರ್ ಅಂದಿತು. ವರ್ಷಾ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಮಾಸ್ತರರ ಮುಖದ ಮುಂದೆ ಹಿಡಿದಳು.

“ಸೋಮವಾರ ಬೆಳಿಗ್ಗೆ ಗುಡಿಯ ಹತ್ತಿರ ಬನ್ನಿ. ಬೇರೆ ಯಾರನ್ನೂ ಕರೆದಿಲ್ಲ. ಪಕ್ಕದ ಮನೆಯವರಿಗೆ, ರೊಟ್ಟಿ ಬಹಳ ರುಚಿಯಾಗಿತ್ತೆಂದು ತಿಳಿಸಿ.”

ಮಾಸ್ತರರು ಓದಿದರು, ತಲೆಯಾಡಿಸಿದರು, ಕಣ್ಣನ್ನು ಒಮ್ಮೆ ಒತ್ತಿಕೊಂಡರು. ಆದರೆ ಮಾವನನ್ನು ಎಲೆಯ ಮುಂದೆ ಹಾಗೆ ಬಿಟ್ಟುಬಿಡುವ ಜೀವ ಅವರದಲ್ಲ.

“ಹೊಸಾ ಮನಿ ಒಕ್ಕಲಾತು,” ಅಂದರು. “ಮತ್ತ ಪಂಕ್ತಿ ಕೂತಿತು. ಅವತ್ತ ಹೋಗಿದ್ದ ಆ ನೀಡಾಂವ, ಈಗ ಮುದುಕಾಗ್ಯಾನ, ಅದೇ ಗಿಂಡಿ ಹಿಡಕೊಂಡು ಬಂದ.”

ವರ್ಷಾ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಕೆಳಗೆ ಕಂಡಕ್ಟರ್ ಬಸವಕಲ್ಯಾಣ, ಬಸವಕಲ್ಯಾಣ ಎಂದು ಕೂಗುತ್ತಿದ್ದ.

“ಬಂದು ಮಾವನ ಮುಂದ ನಿಂತ. ಎಲ್ಲಾರೂ ಉಸರ ಬಿಗಿ ಹಿಡದ್ರು. ‘ತುಪ್ಪಾ ಹಾಕ್ಲೇನ್ರಿ?’ ಅಂದ. ನಮ್ಮ ಮಾವ ಮೆಲ್ಲಕ ತಲಿ ಎತ್ತಿ, ಅಂವನ ಮಾರಿ ನೋಡಿ, ಬಾಯಿ ತಗದು—” ಅಷ್ಟರಲ್ಲಿ ಬಸ್ಸು ಹೊರಟಿತು, ವರ್ಷಾ ಮೆಟ್ಟಿಲಿಳಿದು ಓಡಿದಳು.