ಸಡಿಲ ಕ್ಲಚ್ಚಿನ ಪರಿಶೀಲನೆ

ನೆರೆ ಪರಿಹಾರ ಇಲಾಖೆಯ ಶೆಡ್ಡಿನಲ್ಲಿ ಎಂಟು ಚಕ್ರದ ಗಾಡಿಯೊಂದಿತ್ತು. ಅದು ನೆಲದ ಮೇಲೂ ಓಡುತ್ತಿತ್ತು, ನೀರಿಗಿಳಿದರೆ ಅದೇ ಚಕ್ರಗಳಿಂದ ನೀರನ್ನು ಹಿಂದಕ್ಕೆ ತಳ್ಳಿಕೊಂಡು ಸಾಗುತ್ತಲೂ ಇತ್ತು. ಜನ ಅದಕ್ಕೆ ಆಮೆ ಅನ್ನುತ್ತಿದ್ದರು. ಈಗ ಮೂರು ತಿಂಗಳಿಂದ ಆಮೆ ಮೂಲೆ ಹಿಡಿದಿತ್ತು. ಎಂಜಿನ್ನು ಊರಿಗೆಲ್ಲ ಕೇಳುವ ಹಾಗೆ ಅಬ್ಬರಿಸುತ್ತಿತ್ತು, ಚಕ್ರ ಮಾತ್ರ ಎಳ್ಳಷ್ಟೂ ಅಲ್ಲಾಡುತ್ತಿರಲಿಲ್ಲ.

ರೋಗ ಏನೆಂದು ಶೆಡ್ಡಿನ ರಿಪೇರಿ ಮೇಸ್ತ್ರಿಗೆ ಮೊದಲ ದಿನವೇ ಗೊತ್ತಾಗಿತ್ತು. ಕ್ಲಚ್ಚನ್ನು ಎಂಜಿನ್ನಿನ ಶಾಫ್ಟಿಗೆ ಹಿಡಿದಿಡುವುದು ಒಂದೇ ಒಂದು ಉದ್ದನೆಯ ಬೋಲ್ಟು. ಅದು ಸಡಿಲವಾಗಿ ಕ್ಲಚ್ಚು ತೊನೆದಾಡುತ್ತಿತ್ತು, ಬೆಲ್ಟು ಜಾರುತ್ತಿತ್ತು. ಬಿಗಿದರೆ ಮುಗಿಯಿತು. ಆದರೆ ಇಲಾಖೆಯಲ್ಲಿ ಬೋಲ್ಟು ಬಿಗಿಯುವುದೆಂದರೆ ಹುಡುಗಾಟವೇ? ವಾಹನ ವಿಭಾಗದವರು ಇದು ದೋಣಿ ಎಂದು ಕೈತೊಳೆದುಕೊಂಡರು. ದೋಣಿ ವಿಭಾಗದವರು ಚಕ್ರ ಎಣಿಸಿ ನಕ್ಕು ಕಳಿಸಿದರು. ಕೊನೆಗೆ ಸಡಿಲ ಹೌದೋ ಅಲ್ಲವೋ ಎಂದು ನೋಡಲು ಮೂವರ ಸಮಿತಿ ಆಯಿತು.

ಅಷ್ಟರಲ್ಲಿ ಮೇಸ್ತ್ರಿಗೆ ತಂಗಿಯ ಫೋನು ಬಂತು. ಅವಳಿದ್ದದ್ದು ಹೊಳೆಯ ನಡುಗಡ್ಡೆಯಲ್ಲಿ, ಒಂಬತ್ತು ತಿಂಗಳು ತುಂಬಿತ್ತು.

"ಅಣ್ಣಾ, ನೀರು ಇಳೀತಿದೆ ಅಂತ ಖುಷಿ ಪಡಬೇಡ. ಸುತ್ತ ಸೊಂಟದವರೆಗೆ ಕೆಸರು. ದೋಣಿ ದಡ ಮುಟ್ಟಲ್ಲ, ನಡೆದು ಬರೋಣ ಅಂದ್ರೆ ಹೂತು ಹೋಗ್ತೀವಿ. ಮಗು ಅಡ್ಡ ಮಲಗಿದೆಯಂತೆ. ನೋವು ಶುರುವಾಗೋ ಮೊದಲೇ ಆಸ್ಪತ್ರೆ ಸೇರ್ಕೋ ಅಂತ ಇಲ್ಲಿನ ನರ್ಸಮ್ಮ ಬಡ್ಕೋತಿದ್ದಾರೆ."

ಕೆಸರನ್ನೂ ನೀರನ್ನೂ ಎರಡನ್ನೂ ದಾಟಬಲ್ಲದ್ದು ಆಮೆಯೊಂದೇ. ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಸೀಟಿನ ಕೆಳಗಿನ ಮುಚ್ಚಳ ಬಿಚ್ಚಿದ, ಶಾಫ್ಟಿನ ಜಿಡ್ಡು ಒರೆಸಿದ, ಬೋಲ್ಟನ್ನು ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಹಲ್ಲು ಕಚ್ಚಿ ಬಿಗಿದ. ಆಮೆ ಒಂದು ಸಲ ಜಗ್ಗಿ, ಜಾಣ ಮಗುವಿನ ಹಾಗೆ ಮುಂದೆ ಹೋಯಿತು.

ಸದ್ದು ಕೇಳಿ ಶೆಡ್ಡಿನ ಉಸ್ತುವಾರಿಯ ಸಾಹೇಬರು ಓಡಿಬಂದರು.

"ಯಾರ್ರೀ ಮುಟ್ಟಿದ್ದು ಇದನ್ನ?"

"ನಾನೇ ಸಾರ್. ಈಗ ಓಡ್ತಿದೆ."

"ಓಡ್ತಿದೆಯಾ? ಅಯ್ಯೋ, ಮನೆ ಹಾಳಾಯ್ತು! ನಾಳೆ ಸಮಿತಿ ಬರ್ತಿರೋದೇ ಸಡಿಲ ನೋಡೋಕೆ ಕಣ್ರೀ. ಬಂದು ನೋಡಿದ್ರೆ ಇದು ಗಟ್ಟಿಯಾಗಿ ಕೂತಿರುತ್ತೆ. ಮೂರು ತಿಂಗಳು ಸುಳ್ಳು ಬರೆದ ಅಂತ ನನ್ನ ಕುತ್ತಿಗೆಗೆ ಬರುತ್ತೆ. ಮೊದಲು ಸಡಿಲ ಮಾಡಿ!"

"ಸಾರ್, ನನ್ನ ತಂಗಿ ಆ ಕಡೆ..."

"ನಾಳೆ ಸಮಿತಿ ನೋಡ್ಲಿ, ವರದಿ ಕೊಡ್ಲಿ, ಆದೇಶ ಬರ್ಲಿ. ಆಮೇಲೆ ನಿಮ್ಮ ತಂಗಿ ಏನು, ಇಡೀ ನೆಂಟರನ್ನೇ ಹೊತ್ಕೊಂಡು ಬನ್ನಿ. ಬೇಡ ಅಂದೋರ್ಯಾರು?" ಎಂದವರು ಗಾಡಿಯ ಕೀಲಿಯನ್ನು ಜೇಬಿಗಿಳಿಸಿದರು.

"ಎಷ್ಟು ಸಡಿಲ ಮಾಡ್ಲಿ ಸಾರ್?"

"ಮೊದಲಿದ್ದಷ್ಟು. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಮೊದಲು ಎಷ್ಟಿತ್ತೆಂದು ಅಳತೆ ಹಿಡಿದವರು ಯಾರು? ಮೇಸ್ತ್ರಿ ಎರಡೂವರೆ ಸುತ್ತು ಬಿಚ್ಚಿದ. ಚೆನ್ನಾಗಿರುವುದನ್ನು ಕೆಡಿಸಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಮನೆಗೆ ಹೋದವನು ಊಟದ ತಟ್ಟೆಯ ಮುಂದೆ ಕೂತು, ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ ಅವಳ ಮೇಲೆಯೇ ರೇಗಿ, ಉಣ್ಣದೆ ಎದ್ದ.

ಮರುದಿನ ಬೆಳಿಗ್ಗೆ ತಂಗಿಗೆ ನೋವು ಶುರುವಾಯಿತೆಂದು ಫೋನು ಬಂತು. ಅದರ ಬೆನ್ನಿಗೇ ಸಮಿತಿಯೂ ಬಂತು. ಅಧ್ಯಕ್ಷರು, ಕಟ್ಟಡ ಕಟ್ಟುವುದರಲ್ಲಿ ಹೆಸರು ಮಾಡಿದ ಒಬ್ಬ ತಜ್ಞರು, ಬರೆದುಕೊಳ್ಳಲು ಒಬ್ಬಳು ಗುಮಾಸ್ತೆ. ಎಂಜಿನ್ನು ಅಬ್ಬರಿಸಿತು, ಚಕ್ರ ತಿರುಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

"ನೆಲದ ಮೇಲೆ ಸಡಿಲ, ಒಪ್ಪಿದೆ," ಎಂದರು ಅಧ್ಯಕ್ಷರು. "ನೀರಿನಲ್ಲಿ? ಅದಕ್ಕೆ ಬೇರೆ ಕಾಲಂ ಇದೆ."

ಸರಿ, ಎಲ್ಲರೂ ಹತ್ತಿ ಕೂತರು. ಆಳುಗಳು ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿ ಹೊಳೆಗೆ ಬಿಟ್ಟರು. ಮೇಸ್ತ್ರಿ ಎಂಜಿನ್ನು ಎಷ್ಟು ಏರಿಸಿದರೂ ಚಕ್ರ ಜಪ್ಪಯ್ಯ ಅನ್ನಲಿಲ್ಲ.

"ನೀರಿನಲ್ಲೂ ಸಡಿಲ. ಬರ್ಕೊಳ್ಳಿ," ಎಂದು ಅಧ್ಯಕ್ಷರು ತೃಪ್ತಿಯಿಂದ ತಲೆಯೆತ್ತಿದರೆ, ಶೆಡ್ಡು ಬೆಂಕಿಪೊಟ್ಟಣದಷ್ಟಾಗಿತ್ತು. ಕೆಳಗಡೆ ನೀರು ಒಡ್ಡಿನಿಂದ ಧುಮುಕುವ ಸದ್ದು ಕೇಳುತ್ತಿತ್ತು. ತಜ್ಞರು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಬಿಗಿ ಮಾಡ್ರೀ!" ಎಂದು ಸಾಹೇಬರು ಕಿರುಚಿದರು.

"ಆದೇಶ ಸಾರ್?" ಎಂದ ಮೇಸ್ತ್ರಿ. ಹಾಗೆ ಕೇಳಿದ್ದರಲ್ಲಿ ಸೇಡು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗುಮಾಸ್ತೆ ಎರಡೇ ಸಾಲಿನಲ್ಲಿ ಆದೇಶ ಗೀಚಿದಳು. ಮೂರು ತಿಂಗಳು ಬಾರದ ಸಹಿ ಅರೆ ನಿಮಿಷದಲ್ಲಿ ಬಂತು. ಮೇಸ್ತ್ರಿ ಎಂಜಿನ್ನು ಆರಿಸಿ ಕ್ಲಚ್ಚಿಗೆ ಪಟ್ಟಿ ಸುತ್ತಿ, ಅದರ ತುದಿಯನ್ನು ಸಾಹೇಬರ ಕೈಗೆ ಕೊಟ್ಟ. ಶಾಫ್ಟು ತಿರುಗದಂತೆ ಅವರು ಎಳೆದು ಹಿಡಿಯಬೇಕು, ಇವನು ಬೋಲ್ಟು ಬಿಗಿಯಬೇಕು. ಸಾಹೇಬರು ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಜೀವ ಬಾಯಿಗೆ ಬಂದವರಂತೆ ಎಳೆದರು. ಬೋಲ್ಟು ಕೂತಿತು. ಚಕ್ರಗಳು ತಿರುಗಿದವು.

ಮೇಸ್ತ್ರಿ ಗಾಡಿಯನ್ನು ನಡುಗಡ್ಡೆಯ ಕಡೆಗೆ ತಿರುಗಿಸಿದ.

"ಏ ಏ, ಶೆಡ್ಡು ಆ ಕಡೆ!"

"ನನ್ನ ತಂಗಿ ಈ ಕಡೆ ಸಾರ್."

ಓಡಿಸಲು ಬರುತ್ತಿದ್ದವನು ಅವನೊಬ್ಬನೇ ಆದ್ದರಿಂದ ಚರ್ಚೆ ಮುಂದುವರಿಯಲಿಲ್ಲ. ಆಮೆ ಕೆಸರು ಉಗುಳುತ್ತ ತಂಗಿಯ ಅಂಗಳಕ್ಕೇ ಹೋಗಿ ನಿಂತಿತು. ಅವಳನ್ನು ಮಲಗಿಸಿ ಪಕ್ಕದಲ್ಲಿ ನರ್ಸಮ್ಮನನ್ನು ಕೂರಿಸಲು ಜಾಗ ಬೇಕಿತ್ತು. ಸಮಿತಿಯೂ ಸಾಹೇಬರೂ ಅಲ್ಲೇ ಜಗಲಿಯ ಮೇಲೆ ಇಳಿದರು.

ಆಪರೇಷನ್ ಆಯಿತು. ಹೆಣ್ಣುಮಗು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಮೇಸ್ತ್ರಿಯನ್ನು ಚೆನ್ನಾಗಿ ಬೈದರು. "ನಿನ್ನೆ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ಕೇಳಿದರು.

ಮೂರನೆಯ ದಿನ ಆಸ್ಪತ್ರೆಗೇ ಇಲಾಖೆಯ ಜವಾನ ಕಾಗದ ತಂದ. ಸಮಿತಿಯು ಖುದ್ದು ಗಾಡಿಯಲ್ಲಿ ಸಂಚರಿಸಿ ನೋಡಿದಾಗ ಕ್ಲಚ್ಚು ಗಟ್ಟಿಯಾಗಿಯೇ ಇದ್ದು, ರಿಪೇರಿಯ ಅಗತ್ಯ ಕಂಡುಬಂದಿಲ್ಲ. ಸದರಿ ಬೋಲ್ಟನ್ನು ಹಿಂದಿನ ದಿನ ಮೇಸ್ತ್ರಿಯೇ ಕೈಯಾರೆ ಸಡಿಲಿಸಿದ್ದು ವಿಚಾರಣೆಯಿಂದ ತಿಳಿದಿರುವುದರಿಂದ ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಹೊಳೆಯ ನಡುವೆ ಬರೆದ ಆದೇಶದ ಸುದ್ದಿಯೇ ಅದರಲ್ಲಿರಲಿಲ್ಲ. ಸಾಹೇಬರ ಬಾಯಿಮಾತಿಗಂತೂ ಕಾಗದ ಮೊದಲೇ ಇರಲಿಲ್ಲ.

ಮೇಸ್ತ್ರಿಯ ಮೈಯೆಲ್ಲ ಉರಿದುಹೋಯಿತು. ಮಗು ತೋಳಿನಲ್ಲಿತ್ತು, ಇಲ್ಲದಿದ್ದರೆ ಜವಾನನಿಗೆ ಎರಡು ಬಿಡುತ್ತಿದ್ದನೋ ಏನೋ.

"ಏನಂತೆ ಅಣ್ಣಾ?" ಎಂದಳು ಮಲಗಿದ್ದ ತಂಗಿ.

"ನಾನು ತಪ್ಪು ಮಾಡಿದೀನಂತೆ."

"ಮಾಡಿದ್ಯಾ?"

ಅವನು ಇಲ್ಲ ಅನ್ನಲು ಬಾಯಿ ತೆರೆದ. ಅವಳ ಮುಖ ನೋಡಿ ಆಗಲಿಲ್ಲ.

"ಮಾಡಿದೀನಿ. ನೀನು ಆ ಕಡೆ ಕಾಯ್ತಿದ್ದೀಯ ಅಂತ ಗೊತ್ತಿದ್ದೂ, ಅವರು ಹೇಳಿದ್ರು ಅಂತ ಬಿಚ್ಚಿಬಿಟ್ಟೆ."

ಮಗುವನ್ನು ಅವಳ ಮಗ್ಗುಲಲ್ಲಿ ಮಲಗಿಸಿ, ಜವಾನನ ಪೆನ್ನು ಇಸಕೊಂಡು ಕಾಗದಕ್ಕೆ ಸಹಿ ಹಾಕಿದ.